ಹೆಬ್ಬೆಟ್ಟಿಗೂ ಒಂದು ಬೀಗ

ಪ್ರೀತಿಯ ಗೆಳತಿ,

ಮುಂಬಯಿಯಿಂದ ನೀನು ಬರೆದ ಕಾಗದ ಸಿಕ್ಕಿತು. ಬೈಂದೂರಿನ ಮನೆಯಲ್ಲಿ ಅಮ್ಮ ಒಬ್ಬರೇ, ಮೊನ್ನೆಯಷ್ಟೇ ಕುಂದಾಪುರದಲ್ಲಿ ಜಾಗದ ಪಾಲುಪಟ್ಟಿ ರಿಜಿಸ್ಟ್ರಿ ಆಯಿತು, "ಒಟಿಪಿ ಯಾರಿಗೂ ಹೇಳಬೇಡ ಅಂತ ಕಲಿಸಿದ್ದೇನೆ, ಇನ್ನೆಂತ ಹೆದರಿಕೆ?" ಅಂತ ಕೇಳಿದ್ದಿ. ಕಲಿಸಿದ್ದು ಒಳ್ಳೆಯದೇ ಆಯಿತು. ಆದರೆ ಒಟಿಪಿಯೇ ಬೇಡದ ಒಂದು ದಾರಿ ಇದೆ ಮಾರಾಯ್ತಿ.

2023ರಲ್ಲಿ ಮಂಗಳೂರಿನಲ್ಲಿ ಜಾಗ ನೋಂದಣಿ ಮಾಡಿಸಿಕೊಂಡವರ ಖಾತೆಗಳಿಂದ ಹಣ ಮಾಯವಾಗತೊಡಗಿತು. ಅವರಿಗೆ ಯಾರೂ ಫೋನ್ ಮಾಡಿರಲಿಲ್ಲ, ಅವರು ಯಾವ ಲಿಂಕನ್ನೂ ಒತ್ತಿರಲಿಲ್ಲ. ಅಕ್ಟೋಬರಿನಲ್ಲಿ ಮಂಗಳೂರು ಪೊಲೀಸರು ಬಿಹಾರದ ಆರೋಪಿಗಳನ್ನು ಹಿಡಿದಾಗ ಸಂಗತಿ ಹೊರಬಿತ್ತು. ನೋಂದಣಿಯ ಕಾವೇರಿ ಜಾಲತಾಣದಿಂದ ಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚನ್ನು ಬಳಸಿ ಹಣ ತೆಗೆಯುತ್ತಿದ್ದರು ಎಂದರು ಪೊಲೀಸರು.

ಅದಕ್ಕೆ ಅವರು ಹಿಡಿದ ದಾರಿ ಎಇಪಿಎಸ್, ಅಂದರೆ ಆಧಾರ್ ಆಧರಿಸಿದ ಪಾವತಿ. ವಯಸ್ಸಾದವರು ಬಸ್ಸು ಹತ್ತಿ ಬ್ಯಾಂಕಿಗೆ ಹೋಗದೆ, ಹತ್ತಿರದ ಅಂಗಡಿಯಲ್ಲೇ ಪಿಂಚಣಿ ತೆಗೆಯಲಿ ಅಂತ ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು, ಇಷ್ಟಿದ್ದರೆ ಒಂದು ಸಲಕ್ಕೆ 10,000 ರೂಪಾಯಿ ತನಕ ಕೈಗೆ ಬರುತ್ತದೆ. ಎಟಿಎಂ ಪಿನ್ ಕದ್ದರೆ ಬದಲಿಸಬಹುದು, ಅಮ್ಮನ ಹೆಬ್ಬೆಟ್ಟನ್ನು ಬದಲಿಸುವುದು ಹೇಗೆ?

ಹಾಗಾಗಿ ಅದಕ್ಕೆ ಬೀಗ ಹಾಕಬೇಕು. ಆಧಾರಿನ ಅಧಿಕೃತ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇದೆ, ದುಡ್ಡು ಕೊಡಬೇಕಾಗಿಲ್ಲ. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರ್ ಮಾತ್ರ ಚಾಲ್ತಿಯಲ್ಲಿರಬೇಕು. ಅಪ್ಪನ ಕಾಲದ ಹಳೇ ಸಿಮ್ಮಿನ ನಂಬರ್ ಆಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ಸರಿ ಮಾಡಿಸು. ಮತ್ತೊಂದು: ಬೀಗ ಹಾಕಿದ ಮೇಲೆ ರೇಷನ್ ಅಂಗಡಿಯಲ್ಲಿ ಬೆರಳಿಟ್ಟರೆ ಯಂತ್ರ ಒಪ್ಪುವುದಿಲ್ಲ. ಅಮ್ಮ ಅಂಗಡಿಗೆ ಹೋದಾಗ ಆ ಬೀಗವನ್ನು ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬೇಕು. ಜೆರಾಕ್ಸ್ ಕೊಡುವಲ್ಲೆಲ್ಲ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಸಾಕಾಗುತ್ತದಾ ಅಂತ ಕೇಳುವ ಅಭ್ಯಾಸವೂ ಆಗಲಿ.

"ಅಮ್ಮ ಎಲ್ಲರನ್ನೂ ನಂಬುತ್ತಾಳೆ" ಅಂತ ಬೇಸರದಲ್ಲಿ ಬರೆದಿದ್ದಿ. ಆ ಬೇಸರ ನನಗಿಲ್ಲ. ನಮ್ಮ ಜಿಲ್ಲೆಯಲ್ಲಿ ಬ್ಯಾಂಕೇ ಮನೆ ಬಾಗಿಲಿಗೆ ಬರುತ್ತಿತ್ತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಬ್ರಹ್ಮಾವರದ ನನ್ನ ಅತ್ತೆ ಪಿಗ್ಮಿಯವರು ಬರುವ ಹೊತ್ತಿಗೆ ಚಿಲ್ಲರೆ ಎಣಿಸಿ ಜಗಲಿಯ ಕಟ್ಟೆಯ ಮೇಲಿಡುತ್ತಿದ್ದರು, ಕಾರ್ಡಿನಲ್ಲಿ ಸಹಿ ಬಿದ್ದರೆ ಆಯಿತು. ಹಾಗೆ ಬದುಕಿದವರಿಗೆ "ಬ್ಯಾಂಕಿನಿಂದ ಮಾತಾಡ್ತಿದ್ದೇನೆ" ಅಂದರೆ ಮರ್ಯಾದೆಯಿಂದ ಉತ್ತರಿಸುವುದು ಸಹಜ. ಅದೂ ಅಲ್ಲದೆ 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲಿ ಸೇರಿ ಹೋಯಿತು, ಪಾಸ್‌ಪುಸ್ತಕದ ಹೆಸರೇ ಬೇರೆಯಾಯಿತು. "ನಿಮ್ಮ ಖಾತೆ ಅಪ್‌ಡೇಟ್ ಆಗಿಲ್ಲ" ಅಂತ ಯಾರಾದರೂ ಅಂದರೆ ಅವರು ನಂಬದೆ ಏನು ಮಾಡಿಯಾರು? ಅಮ್ಮನನ್ನು ಬೈಯಬೇಡ. "ಫೋನ್ ಇಡಿ, ನಾಳೆ ನಾನೇ ಬ್ರಾಂಚಿಗೆ ಬರ್ತೆ" ಅನ್ನಲು ಹೇಳಿಕೊಡು, ಅವರ ಸ್ವಭಾವಕ್ಕೂ ಒಗ್ಗುತ್ತದೆ. ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್" ಅನ್ನುವವರಿಗೂ "ಫೋನ್ ಇಡಿ" ಅನ್ನುವುದೇ ಉತ್ತರ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ.

ಇಷ್ಟಾಗಿಯೂ ಹಣ ಹೋದರೆ, ತಡಮಾಡದೆ 1930ಕ್ಕೆ ಫೋನ್ ಮಾಡು. ಹಣ ಇನ್ನೊಬ್ಬರ ಖಾತೆಯಿಂದ ಮುಂದಕ್ಕೆ ದಾಟುವ ಮೊದಲೇ ತಡೆಯಲು ಅದೊಂದೇ ಹೊತ್ತು. ಬ್ಯಾಂಕಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೋ. ನಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಹೋದ ಹಣವನ್ನು, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳಬಾರದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲಿ ಹೇಳಲಾಗಿತ್ತು. ಅಮ್ಮನ ಮೆಸೇಜುಗಳು ನಿನ್ನ ಫೋನಿಗೂ ಬರುವಂತೆ ಮಾಡಿಕೊಳ್ಳಲು ಇದೂ ಒಂದು ಕಾರಣ.

ದೀಪಾವಳಿಗೆ ಬರುತ್ತೇನೆ ಅಂದಿದ್ದಿಯಲ್ಲ, ಅಲ್ಲಿಯ ತನಕ ಕಾಯಬೇಡ. ಆಧಾರಿಗೆ ಜೋಡಿಸಿದ ನಂಬರ್ ಚಾಲ್ತಿಯಲ್ಲಿದೆಯಾ ಅಂತ ಇವತ್ತೇ ಅಮ್ಮನ ಹತ್ತಿರ ಕೇಳು. ಇಲ್ಲದಿದ್ದರೆ ಹೇಳು, ಬರುವ ಸೋಮವಾರ ನಾನೇ ಅವರನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ.

ಇಂತಿ ನಿನ್ನ
ಊರಿನ ಗೆಳತಿ