ಆಗೊಮ್ಮೆ ಈಗೊಮ್ಮೆ ಮಂಕಾಗುತ್ತಿದ್ದ ದೀಪ

ನನ್ನ ಪುಟ್ಟ ಕಾರನ್ನು ಈ ಬರಹಗಳ ಓದುಗರಲ್ಲಿ ಹಲವರು ಬಲ್ಲರು. ಶಾಲೆಯ ಅಂಗಳದಲ್ಲಿ ಅದನ್ನು ತಳ್ಳಿ ಚಾಲೂ ಮಾಡಿಕೊಟ್ಟ ಹುಡುಗರಲ್ಲಿ ಕೆಲವರು ಇಂದು ದೊಡ್ಡ ಹುದ್ದೆಗಳಲ್ಲಿದ್ದಾರೆ. 1997ರಲ್ಲಿ ತಯಾರಾದ ಆ ಕಾರು ಕಾರ್ಬ್ಯುರೇಟರಿನದು. ಕಂಪ್ಯೂಟರಿನ ಗಂಧಗಾಳಿಯೂ ಅದಕ್ಕಿಲ್ಲ. ನಾನು ನಿವೃತ್ತನಾದ ಮೇಲೂ ಅದು ಸೇವೆಯಲ್ಲಿಯೇ ಇದೆ. ಅದು ನನಗೆ ಕಲಿಸಿದ ಪಾಠವೊಂದನ್ನು, ತಪ್ಪೊಪ್ಪಿಗೆಯ ಸಮೇತ, ಇಲ್ಲಿ ಬರೆದಿಡುತ್ತಿದ್ದೇನೆ.

2022ರ ಮಳೆಗಾಲದ ಆರಂಭದಲ್ಲಿ ಒಂದು ಸಂಜೆ ನನ್ನ ಮಡದಿ, “ಇಂಡಿಕೇಟರ್ ಹಾಕಿದಾಗ ಮುಂದಿನ ದೀಪ ಮಂಕಾಗ್ತದೆ, ನೋಡಿದ್ರಾ?” ಎಂದು ಕೇಳಿದಳು. ನಾನು ನೋಡಿರಲಿಲ್ಲ. ಮರುದಿನ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತು. ವಾರ ಕಳೆದ ಮೇಲೆ ಮತ್ತೆ ಅದೇ ದೂರು. ಹಾರ್ನ್ ಗಂಟಲು ಕಟ್ಟಿದಂತೆ ಕೇಳುತ್ತದೆ, ಪೆಟ್ರೋಲಿನ ಮುಳ್ಳು ನಡುಗುತ್ತದೆ ಎಂಬ ಸೇರ್ಪಡೆ ಬೇರೆ. ಕಾರನ್ನು ವರ್ಕ್‌ಶಾಪಿಗೆ ಒಯ್ದರೆ, ವೈದ್ಯರ ಮುಂದೆ ಕುಳಿತೊಡನೆ ಮಾಯವಾಗುವ ಹಲ್ಲುನೋವಿನಂತೆ, ದೋಷ ಅಡಗಿಬಿಡುತ್ತಿತ್ತು.

ಕಾಣದ ದೋಷಕ್ಕೆ ಊಹೆಯೇ ಮದ್ದಾಯಿತು. ಬ್ಯಾಟರಿ ಬದಲಾಯಿತು, ಹೆಡ್‌ಲೈಟಿನ ಸ್ವಿಚ್ಚು ಬದಲಾಯಿತು, ಫ್ಯೂಸುಗಳೆಲ್ಲ ಹೊಸದಾದವು. ಪ್ರತಿಯೊಂದು ಬದಲಾವಣೆಯ ನಂತರವೂ ಎಂಟು ಹತ್ತು ದಿನ ನೆಮ್ಮದಿ. ತಾನಾಗಿಯೇ ಬಂದು ಹೋಗುವ ದೋಷದ ದೊಡ್ಡ ಮೋಸ ಇದೇ: ನಾವು ಏನು ಮಾಡಿದರೂ ಕೆಲವು ದಿನ ಅದು ಗುಣವಾದಂತೆಯೇ ತೋರುತ್ತದೆ.

ಕೊನೆಗೆ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎಚ್ಚೆತ್ತುಕೊಂಡರು. ಹೆಡ್‌ಲೈಟಿನ ಬಲ್ಬನ್ನು ಕಳಚಿ, ಅದರ ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಹಿಡಿದೆ. 12.5 ವೋಲ್ಟ್! ಬ್ಯಾಟರಿಯಲ್ಲಿರುವುದೆಲ್ಲವೂ ಬಲ್ಬಿನವರೆಗೆ ತಲುಪುತ್ತಿದೆಯೆಂದು ಬೀಗಿದೆ. “ಮೀಟರು ಸುಳ್ಳು ಹೇಳುವುದಿಲ್ಲ. ನೀನೇ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿಕೋ” ಎಂದುಬಿಟ್ಟೆ. ಅವಳು ಮಾತನಾಡದೆ ಒಳಗೆ ಹೋದಳು. ಆಮೇಲೆ ದೀಪದ ವಿಷಯ ಎತ್ತಲಿಲ್ಲ.

ಆಗಸ್ಟ್ ತಿಂಗಳಲ್ಲಿ ಉಡುಪಿಯ ಮದುವೆಯೊಂದನ್ನು ಮುಗಿಸಿ ತೀರ್ಥಹಳ್ಳಿಗೆ ಮರಳುತ್ತಿದ್ದೆವು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಏರುವಾಗ ಕತ್ತಲಾಗಿತ್ತು, ಮಳೆ ಧಾರಾಕಾರ. ವೈಪರ್ ಓಡುತ್ತಿತ್ತು. ತಿರುವೊಂದರಲ್ಲಿ ಇಂಡಿಕೇಟರ್ ಹಾಕಿ ಹಾರ್ನ್ ಒತ್ತಿದೆ. ಹಾರ್ನ್ ನರಳಿತು, ಎರಡು ದೀಪಗಳೂ ಆರುವ ಕೆಂಡದಂತೆ ಕೆಂಪಾದವು. ಮೇಲಿನಿಂದ ಬಸ್ಸೊಂದು ಇಳಿಯುತ್ತಿತ್ತು. ಎಡಕ್ಕೆ ಸರಿದು ಬ್ರೇಕು ಹಾಕಿದೆ. ಮಡದಿ ಚೀಲದಿಂದ ಟಾರ್ಚು ತೆಗೆದು ಕಿಟಕಿಯಾಚೆ ಬೆಳಕು ಬಿಟ್ಟಾಗ, ಕಣಿವೆಯ ಅಂಚಿನ ಕಟ್ಟೆ ಒಂದು ಮಾರಿನಷ್ಟು ದೂರದಲ್ಲಿತ್ತು. ನನ್ನ ಕೈಗಳು ನಡುಗುತ್ತಿದ್ದವು. ಲಾರಿಯೊಂದು ಬರುವವರೆಗೂ ಕಾದು, ಅದರ ಹಿಂದೆಯೇ ಘಾಟಿ ಏರಿದೆವು.

ಮರುದಿನ ಆಟೋ ಎಲೆಕ್ಟ್ರಿಷಿಯನ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ವಿದ್ಯುತ್ತಿನ ಪಾಠದ ಲೆಕ್ಕಗಳಲ್ಲಿ ಸದಾ ಎಡವಿ ನನ್ನಿಂದ ಬೈಸಿಕೊಳ್ಳುತ್ತಿದ್ದ ಹುಡುಗ. ಅವನು ಬಾನೆಟ್ ತೆರೆಯಲಿಲ್ಲ. “ಯಾವಾಗ ಆಗ್ತದೆ ಸಾರ್? ಆವಾಗ ಏನೇನು ಆನ್ ಇರ್ತದೆ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಮಡದಿ ಒಳಗಿನಿಂದ ಹಾಲಿನ ಲೆಕ್ಕದ ಕ್ಯಾಲೆಂಡರನ್ನೇ ತಂದಳು. ತಾರೀಖುಗಳ ಪಕ್ಕದಲ್ಲಿ ಸಣ್ಣ ಅಕ್ಷರಗಳಿದ್ದವು: ‘ದೀಪ, ರಾತ್ರಿ, ಮಳೆ’, ‘ದೀಪ ಮತ್ತು ಹಾರ್ನ್, ಹೊಂಡದ ರಸ್ತೆ’. ಒಟ್ಟು ಹನ್ನೊಂದು ಸಲ. ಕಣ್ಣಿನ ಮಾತು ಆಡಿದ ಮೇಲೂ ಅವಳು ಬರೆಯುವುದನ್ನು ಬಿಟ್ಟಿರಲಿಲ್ಲ.

ಅವನು ಅದನ್ನು ಎರಡು ಸಲ ಓದಿದ. “ದೀಪ, ಹಾರ್ನ್, ಮುಳ್ಳು ಎಲ್ಲ ಒಟ್ಟಿಗೆ ಕೆಡ್ತದೆ ಅಂದ್ರೆ ಎಲ್ಲಕ್ಕೂ ಸೇರಿದ್ದೇ ಎಲ್ಲೋ ಕೆಟ್ಟಿದೆ ಅಮ್ಮ. ಸೆಲ್ಫ್ ಮಾತ್ರ ಚೆನ್ನಾಗಿ ಹೊಡೀತದೆ. ಅಂದ್ರೆ ಬ್ಯಾಟರಿ ಸರಿ ಇದೆ, ಎಂಜಿನ್ನಿನ ಅರ್ಥ್ ಸರಿ ಇದೆ. ಬಾಡಿ ಅರ್ಥ್ ನೋಡಬೇಕು.” ಕಾರಿನಲ್ಲಿ ದೀಪಕ್ಕೆ ಹೋದ ವಿದ್ಯುತ್ತು ಮರಳುವುದು ಕಾರಿನ ಉಕ್ಕಿನ ಮೈಯ ಮೂಲಕ, ಅಲ್ಲಿಂದ ಒಂದು ಪಟ್ಟಿಯ ಮೂಲಕ ಬ್ಯಾಟರಿಯ ಋಣಧ್ರುವಕ್ಕೆ.

ಅವನು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಕಾರಿನ ಮೈಗೂ ಮುಟ್ಟಿಸಿದ. ಸೊನ್ನೆ. ಹೆಡ್‌ಲೈಟ್ ಹಾಕಿಸಿದ, 0.1 ವೋಲ್ಟ್. ದೀಪ ಉರಿಯುತ್ತಿರುವಾಗಲೇ ಪಟ್ಟಿಯನ್ನು ಅಲುಗಾಡಿಸಿದ. ಅಂಕಿ 3.2ಕ್ಕೆ ಹಾರಿತು, ದೀಪ ಮಂಕಾಯಿತು.

ಓಮನ ನಿಯಮ ನಿಮಗೆ ಮರೆತಿರಲಾರದು. ಎರಡು ಹೆಡ್‌ಲೈಟುಗಳಿಗೆ ಸುಮಾರು 8 ಆಂಪಿಯರ್ ಹರಿಯುವಾಗ ದಾರಿಯಲ್ಲಿ ಬರಿಯ 0.4 ಓಮ್ ರೋಧವಿದ್ದರೂ 3.2 ವೋಲ್ಟ್ ಅಲ್ಲಿಯೇ ಕರಗುತ್ತದೆ. ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆದರೆ ನಾನು ಬಲ್ಬನ್ನು ಕಳಚಿ ಅಳೆದಿದ್ದೆ. ಮೀಟರು ಸೆಳೆಯುವ ವಿದ್ಯುತ್ತು ನಗಣ್ಯ. ಅಷ್ಟು ಅಲ್ಪಕ್ಕೆ ಆ ರೋಧ ಅಡ್ಡಿಯೇ ಅಲ್ಲ. ಹೀಗಾಗಿ 12.5 ವೋಲ್ಟ್ ಪೂರ್ತಿ ಕಂಡಿತು. ಮೀಟರು ಸುಳ್ಳು ಹೇಳಿರಲಿಲ್ಲ; ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ತಂತಿಯ ಯೋಗ್ಯತೆ ತಿಳಿಯಬೇಕಾದರೆ ಅದು ಭಾರ ಹೊತ್ತಿರುವಾಗ ಅಳೆಯಬೇಕು. ಈ ನಿಯಮವನ್ನು ದಶಕಗಳ ಕಾಲ ಕರಿಹಲಗೆಯ ಮೇಲೆ ಬರೆದವನು ನಾನು. ಬಾನೆಟ್ಟಿನಡಿಯಲ್ಲಿ ಅದನ್ನು ಬಳಸಿದವನು ಪಾಠದಲ್ಲಿ ಎಡವಿದ ಹುಡುಗ. ಅವನನ್ನೂ ನಾನು ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಅಳೆದಿದ್ದೆನಲ್ಲ!

ಬೋಲ್ಟ್ ಬಿಚ್ಚಿದಾಗ ಪಟ್ಟಿಯ ತುದಿಯಲ್ಲಿ ಹಸಿರು ಕಿಲುಬು, ಅದರಡಿಯಲ್ಲಿ ಹೊಳೆಯುವ ಬಣ್ಣ. ಹಿಂದಿನ ವರ್ಷ ಟಿಂಕರಿಂಗ್ ಮಾಡಿಸಿದಾಗ, ತುಕ್ಕು ಹಿಡಿಯಬಾರದೆಂದು ಬೋಲ್ಟಿನ ಜಾಗಕ್ಕೂ ಬಣ್ಣ ಹೊಡೆಯಲು ಹಟ ಹಿಡಿದವನು ನಾನೇ. ಹುಡುಗ ಉಪ್ಪುಕಾಗದದಿಂದ ಉಜ್ಜಿ ಉಕ್ಕನ್ನು ಬೆಳ್ಳಗೆ ಮಾಡಿದ, ಹೊಸ ಪಟ್ಟಿ ಬಿಗಿದ, ಮೇಲೆ ವ್ಯಾಸಲೀನ್ ಸವರಿದ. ಅರ್ಧ ಗಂಟೆಯ ಕೆಲಸ. ಅಲುಗಾಡಿಸಿದರೂ ಅಂಕಿ 0.1ನ್ನು ದಾಟಲಿಲ್ಲ.

ನಿಮ್ಮ ಹಳೆಯ ಕಾರು ಹೀಗೆ ಕಾಡಿದರೆ ಬಿಡಿಭಾಗ ಕೊಳ್ಳುವ ಮುನ್ನ ದೋಷ ಕಾಣಿಸಿದ ಹೊತ್ತು, ಹವೆ, ರಸ್ತೆಗಳನ್ನು ಬರೆದಿಡಿ. ಜೊತೆಯಲ್ಲಿ ಕುಳಿತವರು ಕಂಡದ್ದನ್ನು ನಂಬಿ.

ಆ ಸಂಜೆ ಅಂಗಳದಲ್ಲಿ, ಹುಡುಗನ ಎದುರಿನಲ್ಲಿಯೇ, ನಾನು ಆಡಿದ ಮಾತು ತಪ್ಪೆಂದು ಮಡದಿಗೆ ಹೇಳಿದೆ. ಅವಳು ದೀಪಗಳನ್ನೇ ನೋಡುತ್ತ ನಿಂತಿದ್ದಳು. “ಇರಲಿ, ಇಂಡಿಕೇಟರ್ ಹಾಕಿ ಇನ್ನೊಮ್ಮೆ ಹಾರ್ನ್ ಒತ್ತಿ” ಎಂದಳು.