ಬೆಂಕಿಕಡ್ಡಿಯ ಕೊರಳು

ಹಳದಿ ಅಂಗಿಯ ಆ ಸವಾರ ನನಗೆ ದೊರಕಿದ್ದು ಮುಂಬಯಿಯ ಚೋರ್ ಬಜಾರಿನಲ್ಲಿ, ನಾನು ಅಲ್ಲಿ ನೌಕರಿಯಲ್ಲಿದ್ದ ದಿನಗಳಲ್ಲಿ. ಮಟನ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ, ಹಿತ್ತಾಳೆಯ ಬೀಗಗಳ ನಡುವೆ ಕುದುರೆಸಮೇತ ಒರಗಿ ಬಿದ್ದಿದ್ದ. ಕುದುರೆಯ ಹೊಟ್ಟೆಯಡಿ ಲಂಡನ್ನಿನ ಬ್ರಿಟನ್ಸ್ ಕಂಪನಿಯ ಹೆಸರಿತ್ತು. ಹಳದಿ ಸಮವಸ್ತ್ರ ಸ್ಕಿನ್ನರ್ಸ್ ಹಾರ್ಸ್ ಎಂಬ ಬಂಗಾಳದ ಅಶ್ವದಳದ್ದು. ಇಂಗ್ಲೆಂಡಿನ ಮಕ್ಕಳು ನೆಲದ ಮೇಲೆ ಸಾಲಾಗಿ ನಿಲ್ಲಿಸಿ ಆಡಲೆಂದು ನಮ್ಮವರನ್ನೂ ಸೀಸದಲ್ಲಿ ಎರಕ ಹೊಯ್ದಿದ್ದರಲ್ಲ ಎಂಬ ವಿಚಿತ್ರ ಭಾವನೆಯಲ್ಲೇ ಅವನನ್ನು ಕೊಂಡುತಂದೆ.

ಈ ಬೊಂಬೆಗಳು ಕೈಗೆ ಹಗುರ, ಏಕೆಂದರೆ ಒಳಗೆ ಟೊಳ್ಳು. 1893ರಲ್ಲಿ ವಿಲಿಯಂ ಬ್ರಿಟನ್ ಜೂನಿಯರ್ ಕಂಡುಕೊಂಡ ಉಪಾಯವದು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಸುರಿಯುವುದು. ಅಚ್ಚಿಗೆ ತಾಗಿದ ಹೊರಪದರ ಗಟ್ಟಿಯಾದೊಡನೆ ಉಳಿದ ದ್ರವವನ್ನು ಹೊರಚೆಲ್ಲುವುದು. ಲೋಹ ಉಳಿಯಿತು, ಬೆಲೆ ಇಳಿಯಿತು. ಅಲ್ಲಿಯವರೆಗೆ ಮಾರುಕಟ್ಟೆಯನ್ನು ಆಳುತ್ತಿದ್ದ ಜರ್ಮನಿಯ ಗಟ್ಟಿ ಸಿಪಾಯಿಗಳಿಗೆ ಪ್ರಬಲ ಎದುರಾಳಿ ಹುಟ್ಟಿಕೊಂಡ. ನಿಂತ ಸಿಪಾಯಿಯ ಎತ್ತರ 54 ಮಿಲಿಮೀಟರು. ಸೀಸ ವಿಷವೆಂಬ ಅರಿವು ಬಲವಾಗಿ, 1966ರ ಹೊತ್ತಿಗೆ ಈ ತಯಾರಿಕೆ ನಿಂತಿತು.

ಈ ಹವ್ಯಾಸದ ಮೊದಲ ಪಾಠವನ್ನು ನಾನು ತಪ್ಪು ಮಾಡಿಯೇ ಕಲಿತೆ. ಬಣ್ಣ ಉದುರಿದ ಕಾಲಾಳೊಬ್ಬನನ್ನು ಥಿನ್ನರಿನಲ್ಲಿ ಅದ್ದಿ ತೊಳೆದು, ಎನಾಮಲ್ ಬಣ್ಣ ಬಳಿದು, ಮದುಮಗನಂತೆ ಸಿಂಗರಿಸಿ ಹಿರಿಯ ಸಂಗ್ರಾಹಕರೊಬ್ಬರಿಗೆ ತೋರಿಸಿದೆ. ಅವರು ತಿರುಗಿಸಿ ತಿರುಗಿಸಿ ನೋಡಿ, "ಈಗ ಇವನ ವಯಸ್ಸು ನಿಮ್ಮ ಬಣ್ಣದ ಡಬ್ಬಿಯಷ್ಟೇ" ಎಂದರು. ಅಂದಿನಿಂದ ಮುರಿದದ್ದನ್ನು ಜೋಡಿಸುತ್ತೇನೆ, ಸವೆದದ್ದನ್ನು ಮುಟ್ಟುವುದಿಲ್ಲ.

ದೆಹಲಿಗೆ ವರ್ಗವಾದ ಮೇಲೆ ಸವಾರ ಉಕ್ಕಿನ ಬೀರು ಸೇರಿದ. ಕೆಲವು ಜಾತಿಯ ಮರಗಳು ಸೂಸುವ ಆಮ್ಲದ ಆವಿಗೆ ಸೀಸ ಬಿಳಿಯ ಪುಡಿಯಾಗುತ್ತದೆ; ಮರದ ಕಪಾಟು ಅವನಿಗೆ ಆಗದು. ಮಗನಿಗೆ ಅವನನ್ನು ನೋಡುವ ಅನುಮತಿ ಇತ್ತು, ಮುಟ್ಟುವುದಕ್ಕಲ್ಲ.

ಒಂದು ಭಾನುವಾರ ಮಗನನ್ನು ತೀನ್ ಮೂರ್ತಿ ವೃತ್ತಕ್ಕೆ ಕರೆದೊಯ್ದೆ. ಅಲ್ಲಿ ಹೈದರಾಬಾದು, ಜೋಧಪುರ, ಮೈಸೂರು ಸಂಸ್ಥಾನಗಳ ಹೆಸರಿನಲ್ಲಿ ಮೂವರು ಕಂಚಿನ ಯೋಧರಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ, ನಮ್ಮ ಮೈಸೂರಿನ ಸವಾರರು ಹೈಫಾ ಪಟ್ಟಣವನ್ನು ಗೆದ್ದ ಕಥೆಯನ್ನು ಹೆಮ್ಮೆಯಿಂದಲೇ ಹೇಳಿದೆ. ಅವನು ಪೂರ್ತಿ ಕೇಳಿ, "ಅಪ್ಪಾ, ಹಾಗಾದ್ರೆ ಇವರ ಕುದುರೆ ಎಲ್ಲಿ?" ಎಂದ. ಕಂಚಿನ ಯೋಧರು ನೆಲದ ಮೇಲೆ ನಿಂತಿದ್ದರು.

ಕುದುರೆ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಮರುವಾರ ಕಚೇರಿಯಿಂದ ಬಂದಾಗ ಬೀರು ತೆರೆದಿತ್ತು. ನೆಲದ ಮೇಲೆ ಹಾಸಿದ ಚಾದರವೇ ಹೈಫಾ. ಸವಾರನ ತಲೆ ಬೇರೆ, ದೇಹ ಬೇರೆ. ನಾನು ಕಿರುಚಿದೆ. ಸೀಸದ ಭಯ ಸುಳ್ಳಲ್ಲ. ಆದರೆ ಆ ಕ್ಷಣ ನನ್ನ ಮನಸ್ಸಿನಲ್ಲಿದ್ದದ್ದು ಅದರ ಬೆಲೆ. ಅವನು ಯಾರೂ ಹೇಳದೆಯೇ ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಂಡು, ಬಾಗಿಲ ಹಿಂದೆ ನಿಂತ.

ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪದಡಿ ಕುಳಿತೆ. ಟೊಳ್ಳು ಬೊಂಬೆಯ ತಲೆ ಹಾರಿದರೆ ಕೊರಳಿನ ರಂಧ್ರದಲ್ಲಿ ಬೆಂಕಿಕಡ್ಡಿಯ ತುಂಡೊಂದನ್ನು ಸಿಕ್ಕಿಸಿ, ಅದರ ಮೇಲೆ ತಲೆಯನ್ನು ಕೂರಿಸುವುದು ಹಳೆಯ ಮನೆಮದ್ದು. ಚಿಮುಟದಿಂದ ಕೊರಳನ್ನು ಶುಚಿಗೊಳಿಸುವಾಗ ಒಳಗೆ ಏನೋ ತಡೆಯಿತು. ಹೊರತೆಗೆದರೆ ಕಪ್ಪಾದ ಮರದ ಚೂರು, ಮುರಿದ ಬೆಂಕಿಕಡ್ಡಿ! ಹಾಗಾದರೆ ಈ ತಲೆ ಹಿಂದೆಯೂ ಒಮ್ಮೆ ಹಾರಿತ್ತು. ಎಲ್ಲಿಯದೋ ಮನೆಯಲ್ಲಿ, ಯಾವುದೋ ಯುದ್ಧದಲ್ಲಿ, ಯಾವುದೋ ಮಗುವಿನ ಕೈಯಲ್ಲಿ. ಯಾರೋ ಹಿರಿಯರು ಹೀಗೆಯೇ ದೀಪದಡಿ ಕುಳಿತು ಅದನ್ನು ಜೋಡಿಸಿ, ಮತ್ತೆ ಆಡಲು ಕೊಟ್ಟಿರಬೇಕು. ಅಖಂಡವೆಂದು ಇಷ್ಟು ವರ್ಷ ನಾನು ಕಾಯ್ದದ್ದು ಅವರ ರಿಪೇರಿಯನ್ನು. ಅವರೂ ಕಿರುಚಿದ್ದರೋ ಏನೋ. ಚಿಮುಟವನ್ನು ಕೆಳಗಿಟ್ಟು ಮಲಗಲು ಹೋದೆ.

ಮರುದಿನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಇಬ್ಬರೂ ರಬ್ಬರಿನ ಕೈಗವಸು ತೊಟ್ಟೆವು. ಕಡ್ಡಿಯನ್ನು ಅಳೆದು ಕತ್ತರಿಸಿದವನು ಅವನು, ತಲೆಯನ್ನು ಕೂರಿಸಿದವನೂ ಅವನೇ. ಸವಾರನ ಹೆಗಲಿನ ಬಳಿ ಬಣ್ಣ ಹೋಗಿ ಸೀಸ ಕಾಣುತ್ತಿತ್ತು.

"ಇಲ್ಲಿ ಹಳದಿ ಹಚ್ಚೋಣವಾ ಅಪ್ಪಾ?"

ಬೇಡವೆಂದೆ. ಏಕೆಂದು ವಿವರಿಸಲು ಹೊರಡುವಷ್ಟರಲ್ಲಿ ಅವನ ಹೆಬ್ಬೆರಳು, ತೋರುಬೆರಳು ಆ ಎರಡು ಸವೆದ ಜಾಗಗಳ ಮೇಲೆ ಸರಿಯಾಗಿ ಕುಳಿತಿದ್ದವು. "ಇಲ್ಲಿ ಹಿಡಿದ್ರೇನೇ ಓಡಿಸೋಕಾಗೋದು" ಎಂದ, ನನಗೆ ಹೇಳಿಕೊಡುವವನಂತೆ.

ತಲೆ ಈಗ ತುಸು ಎಡಕ್ಕೆ ವಾಲಿದೆ. ಅಂಟು ಆರುವ ಮುನ್ನ ನಾನು ಅದನ್ನು ನೇರಗೊಳಿಸಬಹುದಿತ್ತು. ಗೊಳಿಸಲಿಲ್ಲ.