ಆಕಾಶದಲ್ಲಿ ರೇಡಿಯೊ, ಲೆಕ್ಕದಲ್ಲಿ ಸಾಲ

1/5
ಮಷೀನು ಚೆನ್ನಾಗಿದೆ. ಕೇಳೋಕೆ ಜನ ಇದ್ದಾರೆ. ವರ್ಷದ ದುಡ್ಡನ್ನ ಮೊದಲೇ ಕಟ್ಟಿದ್ದಾರೆ. ಆದ್ರೂ ಕಂಪನಿ ಮುಚ್ಚಿಹೋಗುತ್ತೆ. ಹೇಗೆ ಅಂತೀರಾ? ಈ ಸಲದ ಕತೆ ವರ್ಲ್ಡ್‌ಸ್ಪೇಸ್‌ದು. ನಮ್ಮ ವಯಸ್ಸಿನವರಿಗೆ ಹೆಸರೇ ಗೊತ್ತಿರಲ್ಲ, ಮನೇಲಿ ದೊಡ್ಡವರನ್ನ ಕೇಳಿ ನೋಡಿ.

2/5
ಇಥಿಯೋಪಿಯಾದಲ್ಲಿ ಹುಟ್ಟಿದ ನೋವಾ ಸಮಾರಾ 1990ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಕಂಪನಿ ಇದು. ಉಪಗ್ರಹದಿಂದ ನೇರ ರೇಡಿಯೊ ಸೆಟ್‌ಗೆ ಹಾಡು, ಸುದ್ದಿ. 1998ರಲ್ಲಿ ಆಫ್ರಿಸ್ಟಾರ್, 2000ದ ಮಾರ್ಚ್‌ನಲ್ಲಿ ಏಷ್ಯಾಸ್ಟಾರ್ ಮೇಲೆ ಹೋದವು. ಎತ್ತರ ಸುಮಾರು 36,000 ಕಿ.ಮೀ. ಭೂಮಿ ಒಂದು ಸುತ್ತು ತಿರುಗೋ ಹೊತ್ತಿಗೆ ಉಪಗ್ರಹವೂ ಒಂದು ಸುತ್ತು ಮುಗಿಸುತ್ತೆ. ಹಾಗಾಗಿ ನಮ್ಮ ಪಾಲಿಗೆ ಅದು ಒಂದೇ ಕಡೆ ನಿಂತ ಹಾಗೆ. ಆಂಟೆನಾನ ಒಂದು ಸಲ ಸರಿಯಾಗಿ ತಿರುಗಿಸಿಟ್ಟರೆ ಸಾಕು.

3/5
ಭಾರತದ ಆಫೀಸು ಬೆಂಗಳೂರಲ್ಲೇ ಇತ್ತು. ಎ.ಆರ್. ರೆಹಮಾನ್ ಜಾಹೀರಾತಿನ ಮುಖ. ಕನ್ನಡಕ್ಕೆ 'ಸ್ಪರ್ಶ' ಅಂತ ಪ್ರತ್ಯೇಕ ಚಾನೆಲ್. ನಮ್ಮ ಮಾವ ಆಗ ಚಳ್ಳಕೆರೆಯಲ್ಲಿದ್ರು, ಅಲ್ಲಿ ಖಾಸಗಿ ಎಫ್‌ಎಂ ಇರಲಿಲ್ಲ. "ಪೂರ್ವದ ಕಿಟಕೀಲಿ ಆಂಟೆನಾ ಇಟ್ಟು ಕೂತ್ರೆ ರಾತ್ರಿಯೆಲ್ಲ ಹಾಡು ಕಣೋ, ಒಂಚೂರು ಗೊರಗೊರ ಇಲ್ಲ" ಅಂತಾರೆ ಈಗಲೂ.

ಆದ್ರೆ ಉಪಗ್ರಹ ಅಂದ್ರೆ ಖರ್ಚಿನ ಬಾಬತ್ತು. ಕೇಳೋರು ಒಬ್ಬರಿರಲಿ, ಲಕ್ಷ ಜನ ಇರಲಿ, ಅದನ್ನ ಕಟ್ಟಿ ಹಾರಿಸಿದ ಸಾಲ ಅಷ್ಟೇ. ನಮ್ಮ ಭಾಷೇಲಿ ಹೇಳಬೇಕಂದ್ರೆ ಫಿಕ್ಸೆಡ್ ಕಾಸ್ಟ್. ಇತ್ತ 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಲ್ಲೇ ಶುರುವಾಯ್ತು, ಅದೂ ಪುಕ್ಕಟೆ.

4/5
2008ರ ಅಕ್ಟೋಬರ್‌ನಲ್ಲಿ ಕಂಪನಿ ಅಮೆರಿಕದ ಕೋರ್ಟಲ್ಲಿ ದಿವಾಳಿ ಅರ್ಜಿ ಹಾಕಿತು. ಚಂದಾದಾರರಲ್ಲಿ ಹೆಚ್ಚಿನವರು ಭಾರತದವರೇ. ಆದ್ರೆ ಆಸ್ತಿ ಕೊಳ್ಳೋಕೆ ಬಂದವರು ಭಾರತದ ಚಂದಾ ವ್ಯವಹಾರ ನಮಗೆ ಬೇಡ ಅಂದ್ರು. 2009ರ ಡಿಸೆಂಬರ್ 31ಕ್ಕೆ ಇಲ್ಲಿನ ಪ್ರಸಾರ ಬಂದ್. ಏಷ್ಯಾಸ್ಟಾರ್ ಮೇಲೆ ಹೋಗಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ.

ಬಿಕಾಂನವರೇ, ಜರ್ನಲ್ ಎಂಟ್ರಿ ನೆನಪಿದೆಯಾ? ಮುಂಗಡ ಬಂದ ಚಂದಾ ಆದಾಯ ಅಲ್ಲ, ಲಯಬಿಲಿಟಿ. ತಿಂಗಳು ಕಳೆದ ಹಾಗೆ ಸ್ವಲ್ಪ ಸ್ವಲ್ಪ ಆದಾಯ ಆಗುತ್ತೆ. ಅಂದ್ರೆ ವರ್ಷದ ದುಡ್ಡು ಕಟ್ಟಿದವನು ಕಂಪನಿಗೆ ಸಾಲ ಕೊಟ್ಟ ಹಾಗೇ ಲೆಕ್ಕ. ಮುಳುಗಿದಾಗ ಅಡಮಾನ ಇಟ್ಟುಕೊಂಡ ಬ್ಯಾಂಕು ಸಾಲಿನ ಮುಂದೆ, ಹಾಡು ಕೇಳಿದವನು ಕೊನೇಲಿ. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದ ಸಾಲು ಈ ಕತೆ ಓದಿದ ಮೇಲೆ ಅರ್ಥ ಆಯ್ತು.

5/5
ಹೋದ ತಿಂಗಳು ಮನೇಲಿ ತಂಗಿಯ ಕೋಚಿಂಗ್ ಆ್ಯಪ್ ಮಾತು ಬಂತು. ಎರಡು ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ದೊಡ್ಡ ರಿಯಾಯಿತಿ. ಅಪ್ಪ ಚೀಟಿ ದುಡ್ಡು ಎತ್ತೋಕೆ ರೆಡಿ. ನಾನು ಉಪಗ್ರಹದ ಕತೆ ಹೇಳಿದೆ. "ರಾಕೆಟ್‌ಗೂ ನಮ್ಮ ಚೀಟಿಗೂ ಏನೋ ಸಂಬಂಧ?" ಅಂದ್ರು. ಲೆಕ್ಕ ಬರೆದು ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ಹಾಳೆ ನೋಡಿ, "ಸರಿ, ತಿಂಗಳಾ ತಿಂಗಳಾ ಕಟ್ಟೋಣ" ಅಂದ್ರು. ರಿಯಾಯಿತಿ ಹೋಯ್ತು ಅಂತ ತಂಗಿಗೆ ಇನ್ನೂ ಸಿಟ್ಟಿದೆ.

ನೀವಾಗಿದ್ರೆ ಒಟ್ಟಿಗೆ ಕಟ್ತಿದ್ರಾ? ಕಾಮೆಂಟಲ್ಲಿ ಹೇಳಿ. ಅಟ್ಟದ ಮೇಲೆ ಹಳೇ ಸೆಟ್ ಸಿಕ್ಕಿದ್ರೆ ಫೋಟೊ ಕಳಿಸಿ 📻